ನ್ಯಾಯಸ್ಥಾನದ ಮಾತೂ ವೃತ್ತಪತ್ರಿಕೆಯ ಸುದ್ದಿಯೂ

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೊರಡುವ ರಸ್ತೆಯಲ್ಲಿ ಆಲ್ಕೊಳವೆಂಬ ಸ್ಥಳವುಂಟು. ಹಿಂದೆ ಊರಂಚಿನ ಹಳ್ಳಿಯಾಗಿದ್ದ ಅದು ಈಗ ನಗರದೊಳಗೆ ಸೇರಿಹೋಗಿದೆ. ಬಸ್ಸಿನವರೂ ಆಟೋದವರೂ ಅದನ್ನು ಒಂದು ವೃತ್ತದ ಹೆಸರಾಗಿ ಮಾತ್ರವೇ ಬಲ್ಲರು. ಅಡಿಕೆ ಮಾರುಕಟ್ಟೆಯ ಪ್ರಾಂಗಣವೂ ಸಾಗರದ ರಸ್ತೆಯಲ್ಲಿಯೇ ಇರುವುದರಿಂದ ಹೊಸನಗರ, ಸಾಗರ, ಸೊರಬದ ಸೀಮೆಗಳ ಬೆಳೆಗಾರರು ಮಂಡಿಗೆ ಬಂದು ಹೋಗುವಾಗ ಆಲ್ಕೊಳದಲ್ಲಿ ಚಹಕ್ಕೆ ನಿಲ್ಲುವುದು ವಾಡಿಕೆ. 2010ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಒಂದು ಬೆಳಗ್ಗೆ ಅಂಥದೊಂದು ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆನು. ನನಗೆ ಪರಿಚಿತರಾದ ಒಬ್ಬ ವೃದ್ಧ ಬೆಳೆಗಾರರು ಕೈಯಲ್ಲಿ ಪತ್ರಿಕೆಯನ್ನು ಮಡಿಸಿ ಹಿಡಿದುಕೊಂಡು ಬಂದರು. ಮುಖ ಬಾಡಿತ್ತು.

"ವಕೀಲರೇ, ಅಡಿಕೆ ನಿಷೇಧ ಆಗೋಯ್ತಂತಲ್ಲ! ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಇನ್ನೇನುಂಟು? ಕೊನೆಗೊಯ್ಲು ಅರ್ಧ ಆಗಿದೆ. ಇರೋ ರಾಶಿಯನ್ನೆಲ್ಲ ಇವತ್ತೇ ಕೊಟ್ಟುಬಿಡೋಣ ಅಂತ ಬಂದೆ."

ನಾನು ಪತ್ರಿಕೆಯನ್ನು ಬಿಡಿಸಿ ನೋಡಿದೆನು. ಶಿರೋನಾಮೆ ದೊಡ್ಡದಾಗಿತ್ತು, ಸುದ್ದಿ ಸಣ್ಣದಾಗಿತ್ತು. ಅವರು ಓದಿದ್ದುದು ಶಿರೋನಾಮೆಯನ್ನು. ಅದರಲ್ಲಿಯೂ ಅವರ ಭಯವೇ ಒಂದೆರಡು ಶಬ್ದಗಳನ್ನು ಸೇರಿಸಿಕೊಂಡಿತ್ತು. ನ್ಯಾಯಾಲಯವು ನಿಜವಾಗಿ ಮಾಡಿದ್ದ ಆಜ್ಞೆ ಬೇರೆಯೇ ಆಗಿತ್ತು.

ಗುಟ್ಕಾ ತಯಾರಕರಿಗೂ ಒಂದು ಆಸ್ತಮಾ ರೋಗನಿವಾರಣಾ ಸಂಘಕ್ಕೂ ನಡೆಯುತ್ತಿದ್ದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಡಿಸೆಂಬರ್ 7ರಂದು ಒಂದು ಆಜ್ಞೆಯನ್ನು ಹೊರಡಿಸಿತು. ಗುಟ್ಕಾ, ತಂಬಾಕು, ಪಾನ್ ಮಸಾಲೆ ಇವುಗಳನ್ನು ತುಂಬುವ ಪೊಟ್ಟಣಗಳಿಗೆ 2011ರ ಮಾರ್ಚ್ 1ರಿಂದ ಪ್ಲಾಸ್ಟಿಕ್ಕನ್ನು ಬಳಸಕೂಡದು ಎಂಬುದು ಅದರ ತಿರುಳು. ಈ ಪದಾರ್ಥಗಳಲ್ಲಿ ಏನೇನಿದೆ, ಅವುಗಳಿಂದ ಆಗುವ ಕೆಡುಕೇನು ಎಂಬುದನ್ನು ಪರೀಕ್ಷೆ ಮಾಡಿಸಿ ತಿಳಿಸಬೇಕೆಂದು ಕೇಂದ್ರ ಸರಕಾರಕ್ಕೆ ನಿರ್ದೇಶವೂ ಇದ್ದಿತು. ಆಜ್ಞೆ ತಟ್ಟಿದ್ದು ಪೊಟ್ಟಣಕ್ಕೆ, ಪೊಟ್ಟಣದೊಳಗಿನ ಅಡಿಕೆಗಲ್ಲ. ಮರುವರ್ಷದ ಫೆಬ್ರವರಿಯಲ್ಲಿ ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳೂ ಅದನ್ನೇ ಹೇಳಿದುವು. ಅದೇ 2011ರಲ್ಲಿ ಬಂದ ಆಹಾರ ಸುರಕ್ಷತೆಯ ನಿಬಂಧನೆಗಳು ಯಾವ ಆಹಾರಪದಾರ್ಥದಲ್ಲಿಯೂ ತಂಬಾಕಾಗಲಿ ನಿಕೋಟಿನ್ ಆಗಲಿ ಸೇರಿರಕೂಡದೆಂದುವು. ಅವುಗಳ ಆಧಾರದ ಮೇಲೆ ಕರ್ನಾಟಕ ಸರಕಾರವು 2013ರ ಮೇ ತಿಂಗಳಲ್ಲಿ ತಂಬಾಕು ಬೆರೆತ ಗುಟ್ಕಾವನ್ನು ನಿಷೇಧಿಸಿತು. ಒಂದು ಪ್ಲಾಸ್ಟಿಕ್ಕಿನ ಮಾತು, ಇನ್ನೊಂದು ತಂಬಾಕಿನ ಮಾತು. ಅಡಿಕೆಯನ್ನು ಬೆಳೆಯುವುದನ್ನಾಗಲಿ ಮಾರುವುದನ್ನಾಗಲಿ ಇವುಗಳಲ್ಲಿ ಯಾವುದೂ ನಿಷೇಧಿಸಲಿಲ್ಲ. ಅಡಿಕೆ ಆರೋಗ್ಯಕ್ಕೆ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿಯೇ ಅದನ್ನು ಕ್ಯಾನ್ಸರ್‌ಕಾರಕ ವಸ್ತುಗಳಲ್ಲಿ ಸೇರಿಸಿದೆ. ಆದರೆ ಅದು ವೈದ್ಯಶಾಸ್ತ್ರದ ಪ್ರಶ್ನೆ. ನ್ಯಾಯಾಲಯವು ಏನನ್ನು ಹೇಳಿತು ಎಂಬುದು ಬೇರೆ ಪ್ರಶ್ನೆ.

ನಮ್ಮ ವೃದ್ಧರು ಆ ದಿನ ರಾಶಿಯನ್ನೆಲ್ಲ ಮಾರಲಿಲ್ಲ. ಗೊರಬಲನ್ನಷ್ಟು ಕೊಟ್ಟು ಊರಿಗೆ ಹೋದರು. ಅವರಿಗಿಂತ ಮುಂಚೆ ಬಂದು, ಕೇಳಿದ ಬೆಲೆಗೆ ಕೊಟ್ಟು ಹೋದವರು ಎಷ್ಟು ಮಂದಿಯೋ ತಿಳಿಯದು. ಒಂದು ಶಿರೋನಾಮೆಯ ತಪ್ಪಿಗೆ ಬೆಲೆ ತೆರುವವರು ಬಹುಮಟ್ಟಿಗೆ ಅದನ್ನು ಬರೆದವರಲ್ಲ.

ಇನ್ನು, ಈ ತಪ್ಪು ಹೇಗೆ ಹುಟ್ಟುತ್ತದೆಂಬುದನ್ನು ಸ್ವಲ್ಪ ವಿಚಾರಮಾಡೋಣ. ಪತ್ರಿಕೆಯವರು ಬೇಕೆಂದು ಸುಳ್ಳು ಬರೆಯುತ್ತಾರೆಂಬ ಮಾತನ್ನು ನಾನು ಒಪ್ಪುವವನಲ್ಲ. ನ್ಯಾಯಸ್ಥಾನದ ಮಾತಿಗೆ ಎರಡು ಗುಣಗಳುಂಟು. ಅದು ಯಾವುದಾದರೊಂದು ಹಂತದಲ್ಲಿ ಆಡಿದ ಮಾತಾಗಿರುತ್ತದೆ. ಮತ್ತು ಅದಕ್ಕೆ ಒಂದು ಎಲ್ಲೆಯಿರುತ್ತದೆ. ಇಂಥವರಿಗೆ, ಇಂಥ ಸ್ಥಳದಲ್ಲಿ, ಇಂಥ ಕಾಲದವರೆಗೆ ಎಂದು ಗೆರೆ ಎಳೆದ ಮೇಲೆಯೇ ನ್ಯಾಯಾಧೀಶನು ಅಂಕಿತ ಹಾಕುವುದು. ಸುದ್ದಿಗೆ ಹಂತವೂ ಬೇಡ, ಎಲ್ಲೆಯೂ ಬೇಡ. ಅದಕ್ಕೆ ಬೇಕಾದುದು ಮುಗಿದುಹೋದ ಸಂಗತಿ. ಹೀಗಿರಲು, ಹಂತವನ್ನೂ ಎಲ್ಲೆಯನ್ನೂ ಕಳಚಿದರೆ ವಾಕ್ಯ ಚೊಕ್ಕವಾಗುತ್ತದೆ, ಅರ್ಥ ಮಾತ್ರ ಬೇರೆಯಾಗುತ್ತದೆ.

ನಮ್ಮ ಕನ್ನಡದ ಶಿರೋನಾಮೆಗಳಲ್ಲಿ ಬಳಕೆಯಾಗುತ್ತಿರುವ ಪದಗಳನ್ನೇ ನೋಡಿ. ನ್ಯಾಯಾಲಯ "ಛೀಮಾರಿ" ಹಾಕುತ್ತದೆ, "ಚಾಟಿ" ಬೀಸುತ್ತದೆ, "ತರಾಟೆಗೆ" ತೆಗೆದುಕೊಳ್ಳುತ್ತದೆ. ಒಬ್ಬರಿಗೆ "ಶಾಕ್" ಕೊಡುತ್ತದೆ, ಇನ್ನೊಬ್ಬರಿಗೆ "ಬಿಗ್ ರಿಲೀಫ್" ಕೊಡುತ್ತದೆ. ಇವೆಲ್ಲವೂ ಗೆಲವು ಸೋಲುಗಳ ಮಾತು, ಮಾನ ಅವಮಾನಗಳ ಮಾತು. ಎದುರು ಕಕ್ಷಿಗೆ ನೋಟೀಸು ಹೊರಟರೆ ಅದು ಶಾಕ್. ವಾಸ್ತವದಲ್ಲಿ ನೋಟೀಸೆಂದರೆ "ನಿಮ್ಮ ಮಾತನ್ನೂ ಕೇಳುತ್ತೇವೆ, ಬನ್ನಿ" ಎಂಬ ಕರೆಯಷ್ಟೆ. ತಡೆಯಾಜ್ಞೆ ಬಂದರೆ "ರದ್ದು" ಎಂದು ಬರೆಯುತ್ತಾರೆ. ತಡೆಯೆಂದರೆ ಇದ್ದದ್ದು ಇದ್ದಲ್ಲಿ ನಿಲ್ಲುವುದು, ರದ್ದೆಂದರೆ ಇಲ್ಲವಾಗುವುದು. ಅರ್ಜಿಯನ್ನು "ವಿಲೇವಾರಿ" ಮಾಡಿದರೆ "ವಜಾ" ಎಂದು ಓದುವವರುಂಟು. ಕೆಲವು ವೇಳೆ ಕೇಳಿದ್ದನ್ನೆಲ್ಲ ಕೊಟ್ಟೇ ಅರ್ಜಿಯನ್ನು ವಿಲೇವಾರಿ ಮಾಡಿರುತ್ತಾರೆ. ಎಲ್ಲಕ್ಕಿಂತ ನನಗೆ ಬೇಸರ ತರಿಸುವ ಪದ "ಕ್ಲೀನ್ ಚಿಟ್". ಯಾವ ಕಾಯಿದೆಯ ಪುಸ್ತಕದಲ್ಲಿಯೂ ಅಂಥ ಚೀಟಿಯೊಂದಿಲ್ಲ. ಪೋಲೀಸರು ಸಾಕ್ಷ್ಯ ಸಾಲದೆಂದು ವರದಿ ಕೊಟ್ಟರೂ ಕ್ಲೀನ್ ಚಿಟ್, ನ್ಯಾಯಾಧೀಶರು ವಿಚಾರಣೆ ಮಾಡಿ ಬಿಡುಗಡೆ ಮಾಡಿದರೂ ಕ್ಲೀನ್ ಚಿಟ್!

ಹಂತವನ್ನೂ ಎಲ್ಲೆಯನ್ನೂ ಕಳಚಿದುದರಿಂದ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಇತ್ತೀಚಿನ ಒಂದು ದೊಡ್ಡ ನಿದರ್ಶನ 2022ರ ಫೆಬ್ರವರಿಯದು. ಉಡುಪಿಯ ಕಾಲೇಜಿನ ವಿದ್ಯಾರ್ಥಿನಿಯರು ಹಿಜಾಬಿನ ವಿಷಯವಾಗಿ ಹೂಡಿದ ಅರ್ಜಿಗಳು ಕರ್ನಾಟಕದ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೂರ್ಣಪೀಠದ ಮುಂದೆ ಬಂದುವು. ಆಗ ಶಿವಮೊಗ್ಗೆಯೂ ಸೇರಿ ಅನೇಕ ಊರುಗಳಲ್ಲಿ ಕಾಲೇಜುಗಳ ಅಂಗಳದಲ್ಲಿ ಗದ್ದಲವೆದ್ದು, ಶಾಲೆ ಕಾಲೇಜುಗಳನ್ನು ಮುಚ್ಚಿದ್ದರು. ಫೆಬ್ರವರಿ 10ರಂದು ಪೀಠವು ಮಧ್ಯಂತರ ಆಜ್ಞೆಯೊಂದನ್ನು ಮಾಡಿತು. ಅರ್ಜಿಗಳು ತೀರ್ಮಾನವಾಗುವವರೆಗೆ, ಯಾವ ಮತದವರೇ ಆಗಲಿ, ವಿದ್ಯಾರ್ಥಿಗಳು ಕೇಸರಿ ಶಾಲು, ತಲೆವಸ್ತ್ರ, ಹಿಜಾಬು, ಮತದ ಬಾವುಟ ಮುಂತಾದುವುಗಳನ್ನು ತರಗತಿಯೊಳಗೆ ಧರಿಸಕೂಡದೆಂದು ಅದು ಹೇಳಿತು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ವಾಕ್ಯವನ್ನೂ ಸೇರಿಸಿತು: ಕಾಲೇಜು ಅಭಿವೃದ್ಧಿ ಸಮಿತಿಯು ಸಮವಸ್ತ್ರವನ್ನು ಗೊತ್ತುಮಾಡಿರತಕ್ಕ ಸಂಸ್ಥೆಗಳಿಗೆ ಮಾತ್ರವೇ ಈ ಆಜ್ಞೆ ಅನ್ವಯಿಸುವುದು.

ಈ ಚಿಕ್ಕ ಆಜ್ಞೆಯಲ್ಲಿ ಎಷ್ಟು ಗೆರೆಗಳಿವೆಯೆಂಬುದನ್ನು ಎಣಿಸಿ ನೋಡಿ. ಅದು ತೀರ್ಪಲ್ಲ, ತೀರ್ಪಿನವರೆಗಿನ ಏರ್ಪಾಡು. ಅದು ಒಂದು ಮತಕ್ಕೆ ಮಾತ್ರ ಹೇಳಿದುದಲ್ಲ. ಅದು ಹೇಳಿದುದು ವಿದ್ಯಾರ್ಥಿಗಳಿಗೆ, ಉಪಾಧ್ಯಾಯರಿಗಲ್ಲ. ತರಗತಿಯ ಒಳಗೆ, ರಸ್ತೆಯಲ್ಲಲ್ಲ, ಹೆಬ್ಬಾಗಿಲಿನಲ್ಲಲ್ಲ. ಸಮವಸ್ತ್ರದ ನಿಯಮವಿರುವ ಕಾಲೇಜಿನಲ್ಲಿ, ಎಲ್ಲ ಕಾಲೇಜುಗಳಲ್ಲಲ್ಲ. ಆದರೆ ಲಿಖಿತ ಆಜ್ಞೆಯನ್ನು ಜನರು ಓದುವುದಕ್ಕೆ ಮೊದಲೇ "ಹಿಜಾಬಿಗೆ ಹೈಕೋರ್ಟು ನಿಷೇಧ" ಎಂಬ ಮಾತು ದೂರದರ್ಶನದಿಂದಲೂ ಮೊಬೈಲ್ ಫೋನುಗಳಿಂದಲೂ ಹೊರಟು ಹಳ್ಳಿಹಳ್ಳಿಯನ್ನು ಮುಟ್ಟಿತ್ತು. ಫೆಬ್ರವರಿ 14ರಂದು ಪ್ರೌಢಶಾಲೆಗಳು ತೆರೆದಾಗ ಕೆಲವು ಊರುಗಳಲ್ಲಿ ಚಿಕ್ಕ ಹುಡುಗಿಯರನ್ನೂ ಶಿಕ್ಷಕಿಯರನ್ನೂ ಹೆಬ್ಬಾಗಿಲಿನಲ್ಲಿಯೇ ನಿಲ್ಲಿಸಿ ತಲೆಯ ಮೇಲಿನ ವಸ್ತ್ರವನ್ನು ತೆಗೆಸಿದರು. ಎದುರಿಗೆ ಛಾಯಾಗ್ರಾಹಕರು ನಿಂತಿದ್ದರು. ಆ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಕೊನೆಗೆ ಫೆಬ್ರವರಿ 23ರಂದು ವಾದ ನಡೆಯುತ್ತಿರುವಾಗ, ತಮ್ಮ ಆಜ್ಞೆ ವಿದ್ಯಾರ್ಥಿಗಳಿಗೆ ಮಾತ್ರವೇ ಹೊರತು ಉಪಾಧ್ಯಾಯರಿಗಲ್ಲವೆಂದು ಪೀಠವೇ ಬಾಯಿಬಿಟ್ಟು ಹೇಳಬೇಕಾಯಿತು. ಮೊದಲನೆಯ ದಿನದ ಆಜ್ಞೆಯಲ್ಲಿಯೇ ಬರೆದಿದ್ದ ಸಂಗತಿಯದು!

ದೋಷವನ್ನೆಲ್ಲ ವೃತ್ತಪತ್ರಿಕೆಗಳ ತಲೆಗೆ ಕಟ್ಟುವುದು ನ್ಯಾಯವಾಗದು. ಆಜ್ಞೆಯ ಪ್ರತಿಯನ್ನು ತರಿಸಿ ಓದುವ ಬದಲು ಸುದ್ದಿಯನ್ನೇ ಆಜ್ಞೆಯೆಂದು ತಿಳಿದು ನಡೆದ ಮುಖ್ಯೋಪಾಧ್ಯಾಯರೂ ಅಧಿಕಾರಿಗಳೂ ಇದ್ದರು. ಹಿಜಾಬು ಧರಿಸುವುದು ಸರಿಯೋ ಅಲ್ಲವೋ ಎಂಬ ಚರ್ಚೆಗೂ ನಾನು ಇಲ್ಲಿ ಹೋಗುವುದಿಲ್ಲ. ಆ ಚರ್ಚೆಯಲ್ಲಿ ಯಾವ ಪಕ್ಷದವರೇ ಆಗಿರಲಿ, ಆ ಹುಡುಗಿ ಹೆಬ್ಬಾಗಿಲಿನಲ್ಲಿ ಪಟ್ಟ ಅವಮಾನವು ನ್ಯಾಯಾಲಯವು ವಿಧಿಸಿದ್ದಲ್ಲವೆಂಬುದನ್ನು ಒಪ್ಪಲೇಬೇಕು.

ಮಾರ್ಚ್ 15ರಂದು ಪೂರ್ಣಪೀಠವು 129 ಪುಟಗಳ ತೀರ್ಪನ್ನು ಕೊಟ್ಟು ಅರ್ಜಿಗಳನ್ನು ತಳ್ಳಿಹಾಕಿತು. ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ 2022ರ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಉಚ್ಚ ನ್ಯಾಯಾಲಯದ ತೀರ್ಪು ಸರಿಯೆಂದರು, ಮತ್ತೊಬ್ಬರು ಸರಿಯಲ್ಲವೆಂದರು. ಇಂಥ ಸಂದರ್ಭದಲ್ಲಿ ಆಗುವುದೇನೆಂದರೆ, ಏನೂ ಆಗುವುದಿಲ್ಲ. ವಿಷಯವು ದೊಡ್ಡ ಪೀಠಕ್ಕೆ ಹೋಗಲೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಡುತ್ತಾರೆ. ಅದುವರೆಗೆ ಕೆಳಗಣ ತೀರ್ಪು ಹಾಗೆಯೇ ನಿಂತಿರುತ್ತದೆ. ಆದರೆ ಆ ಸಂಜೆ ಎರಡು ಪಕ್ಷದವರೂ ತಮಗೆ ಬೇಕಾದ ನ್ಯಾಯಮೂರ್ತಿಯ ವಾಕ್ಯಗಳನ್ನು ಆರಿಸಿಕೊಂಡು "ಸುಪ್ರೀಂ ಕೋರ್ಟು ಹೀಗೆಂದಿತು" ಎಂದು ಸಾರುತ್ತಿದ್ದರು.

ನ್ಯಾಯಮೂರ್ತಿಗಳು ವಾದವನ್ನು ಕೇಳುತ್ತ ಆಡುವ ಮಾತುಗಳದು ಬೇರೊಂದು ತೊಡಕು. ವಕೀಲನನ್ನು ಪರೀಕ್ಷಿಸುವುದಕ್ಕಾಗಿ ನ್ಯಾಯಮೂರ್ತಿಯು ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಪ್ರಶ್ನೆಯನ್ನೂ ಹಾಕುತ್ತಾನೆ; ಗಟ್ಟಿಯಾಗಿ ಯೋಚಿಸುತ್ತಾನೆ; ಒಮ್ಮೊಮ್ಮೆ ಬೇಸರದಿಂದ ಏನಾದರೂ ಅಂದುಬಿಡುವುದೂ ಉಂಟು. 2021ರ ಏಪ್ರಿಲ್ ತಿಂಗಳಲ್ಲಿ, ಕೋವಿಡ್ ಹರಡುತ್ತಿದ್ದ ದಿನಗಳಲ್ಲಿ, ಚುನಾವಣಾ ಸಭೆಗಳಿಗೆ ಆಸ್ಪದ ಕೊಟ್ಟುದಕ್ಕಾಗಿ ಚುನಾವಣಾ ಆಯೋಗದ ಮೇಲೆ ಕೊಲೆಯ ಆಪಾದನೆ ಹೊರಿಸಬೇಕೇನೋ ಎಂಬರ್ಥದ ಮಾತು ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ಹೊರಟಿತು. ಮರುದಿನ ದೇಶದಲ್ಲೆಲ್ಲ ಅದೇ ಸುದ್ದಿ. ಆದರೆ ಲಿಖಿತ ಆಜ್ಞೆಯಲ್ಲಿ ಅದರ ಸುಳಿವೇ ಇರಲಿಲ್ಲ. ಆಯೋಗವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಬಾಯಿಮಾತುಗಳನ್ನು ಪತ್ರಿಕೆಗಳು ಪ್ರಕಟಿಸದಂತೆ ತಡೆಯಬೇಕೆಂದು ಕೇಳಿತು. ಮೇ 6ರಂದು ಬಂದ ತೀರ್ಪು ನನಗೆ ಬಹು ಸಮಂಜಸವಾಗಿ ಕಂಡಿದೆ. ನ್ಯಾಯಸ್ಥಾನದ ಬಾಗಿಲು ತೆರೆದಿರುವುದರಿಂದ ಅಲ್ಲಿ ನಡೆದುದನ್ನು ವರದಿಮಾಡುವುದನ್ನು ತಡೆಯಲಾಗದು. ಆದರೆ ಬಾಯಿಮಾತು ದಾಖಲೆಯ ಭಾಗವಲ್ಲ, ಅದರಿಂದ ಯಾರಿಗೂ ಬಂಧನವಿಲ್ಲ. ಅಂದಮೇಲೆ ವರದಿಗಾರನು "ವಿಚಾರಣೆಯ ಕಾಲದಲ್ಲಿ ಹೀಗೆ ಪ್ರಶ್ನಿಸಿದರು" ಎಂದು ಬರೆಯಬಹುದು. "ನ್ಯಾಯಾಲಯವು ಹೀಗೆ ತೀರ್ಮಾನಿಸಿತು" ಎಂದು ಬರೆಯಲಾಗದು.

ಈಗ ಈ ತೊಡಕು ಮತ್ತಷ್ಟು ಬೆಳೆದಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ಕಲಾಪಗಳನ್ನು 2021ರಿಂದ ಅಂತರಜಾಲದಲ್ಲಿ ನೇರವಾಗಿ ತೋರಿಸತೊಡಗಿದರು. ಗಂಟೆಗಟ್ಟಲೆಯ ವಿಚಾರಣೆಯಿಂದ ಅರ್ಧ ನಿಮಿಷವನ್ನು ಕತ್ತರಿಸಿ, ಹಾಸ್ಯದ ಸಂಗೀತವನ್ನು ಸೇರಿಸಿ ಹರಡುವ ಒಂದು ವ್ಯಾಪಾರವೇ ಹುಟ್ಟಿಕೊಂಡಿತು. 2024ರ ಸೆಪ್ಟೆಂಬರಿನಲ್ಲಿ ಒಬ್ಬ ನ್ಯಾಯಮೂರ್ತಿಗಳು ಆಡಿದ ಮಾತುಗಳ ತುಣುಕುಗಳು ಹೀಗೆ ಹರಡಿ, ಸರ್ವೋಚ್ಚ ನ್ಯಾಯಾಲಯವೇ ಸ್ವತಃ ವಿಷಯವನ್ನು ಕೈಗೆತ್ತಿಕೊಂಡಿತು. ಅವರು ವಿಷಾದ ಸೂಚಿಸಿದ ಮೇಲೆ ಸೆಪ್ಟೆಂಬರ್ 25ರಂದು ಅದನ್ನು ಮುಗಿಸಿತು. ಅಲ್ಲಿ ತುಣುಕು ಸುಳ್ಳಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಆ ಮಾತುಗಳು ಆಡಬಾರದವೇ ಆಗಿದ್ದುವು. ಆದಕಾರಣ, ನೇರಪ್ರಸಾರವನ್ನು ನಿಲ್ಲಿಸಬೇಕೆಂಬವರ ಪಕ್ಷವನ್ನು ನಾನು ಹಿಡಿಯಲಾರೆ.

"ಎತ್ತಿಹಿಡಿಯಿತು" ಎಂಬ ಪದದ ವಿಷಯವಾಗಿಯೂ ಒಂದು ಮಾತು. ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಮೊದಲು ವಿಶೇಷ ಅನುಮತಿಯನ್ನು ಬೇಡಬೇಕಾಗುತ್ತದೆ. ಕಾರಣವನ್ನೂ ಹೇಳದೆ ಒಂದೇ ಸಾಲಿನಲ್ಲಿ ಆ ಅನುಮತಿಯನ್ನು ನಿರಾಕರಿಸುವುದು ಹೆಚ್ಚು. ಪತ್ರಿಕೆಗಳು "ಹೈಕೋರ್ಟ್ ತೀರ್ಪನ್ನು ಸುಪ್ರೀಂ ಎತ್ತಿಹಿಡಿಯಿತು" ಎನ್ನುತ್ತವೆ. ಬಾಗಿಲು ತೆರೆಯಲಿಲ್ಲವೆಂಬುದಕ್ಕೂ ಒಳಗಿದ್ದವರು ನಮ್ಮ ಎದುರಾಳಿಯ ಮಾತನ್ನು ಒಪ್ಪಿದರೆಂಬುದಕ್ಕೂ ವ್ಯತ್ಯಾಸವಿದೆಯಷ್ಟೆ! ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಕೇರಳದ ವ್ಯಾಜ್ಯವೊಂದರಲ್ಲಿ ಇದನ್ನು ವಿಸ್ತಾರವಾಗಿ ತಿಳಿಸಿತು. 2019ರಲ್ಲಿ ಕೊಳ್ಳೇಗಾಲದ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಗೂ ಖೋಡೆ ಕಂಪೆನಿಗೂ ನಡೆದ ವ್ಯಾಜ್ಯದಲ್ಲಿ ಮತ್ತೊಮ್ಮೆ ತಿಳಿಸಿತು. ಇಷ್ಟಾದರೂ ಆ ಪದ ಹೋಗಿಲ್ಲ.

ಇದುವರೆಗೆ ಹೇಳಿದುದು ಬಹುಮಟ್ಟಿಗೆ ಕಾಗದದ ತಪ್ಪುಗಳು. ಕ್ರಿಮಿನಲ್ ಮೊಕದ್ದಮೆಯ ಸುದ್ದಿಯಲ್ಲಿ ತಪ್ಪಾದರೆ ಒಬ್ಬ ಮನುಷ್ಯನ ಬಾಳೇ ಕೆಡಬಹುದು. ಪ್ರಥಮ ವರ್ತಮಾನ ವರದಿಯೆಂದರೆ ಯಾರೋ ಬಂದು ಹೇಳಿದ್ದನ್ನು ಠಾಣೆಯಲ್ಲಿ ಬರೆದುಕೊಂಡದ್ದು. ದೋಷಾರೋಪ ಪಟ್ಟಿಯೆಂದರೆ ತನಿಖೆಯ ಬಳಿಕ ಪೋಲೀಸರು ತಮ್ಮ ಪಕ್ಷವಾಗಿ ಬರೆದದ್ದು. ಜಾಮೀನೆಂದರೆ ವಿಚಾರಣೆಗೆ ಬರುತ್ತೇನೆಂಬ ಭರವಸೆಯ ಮೇಲೆ ಹೊರಗಿರಲು ಕೊಟ್ಟ ಅನುಮತಿ. ಜಾಮೀನು ಸಿಕ್ಕವನು ನಿರಪರಾಧಿಯೂ ಅಲ್ಲ, ಸಿಗದವನು ಅಪರಾಧಿಯೂ ಅಲ್ಲ. ಇಷ್ಟರವರೆಗೆ ನ್ಯಾಯಾಧೀಶನು ಒಬ್ಬ ಸಾಕ್ಷಿಯ ಮುಖವನ್ನೂ ನೋಡಿರುವುದಿಲ್ಲ. ಆದರೆ ಸುದ್ದಿಯ ಭರವು ಇಷ್ಟರಲ್ಲಿಯೇ ಮುಗಿದಿರುತ್ತದೆ. ನಮ್ಮ ಭಾಷೆಯಲ್ಲಿ "ಆರೋಪಿ" ಎಂಬ ಪದವೊಂದು ಚಾಲ್ತಿಗೆ ಬಂದು ತೊಂದರೆಯನ್ನು ಹೆಚ್ಚಿಸಿದೆ. "ಅಪರಾಧಿ"ಗೂ ಅದಕ್ಕೂ ಪ್ರಾಸ ಕೂಡುತ್ತದೆ, ಕಿವಿಗೆ ಎರಡೂ ಒಂದೇ ಆಗಿ ಕೇಳುತ್ತದೆ. "ಆಪಾದಿತ" ಎಂಬ ಹಳೆಯ ಪದವೇ ವಾಸಿ. ಆಪಾದನೆಯನ್ನು ಹೊರಿಸಿದವರು ಬೇರೊಬ್ಬರು ಇದ್ದಾರೆಂಬುದನ್ನು ಅದು ಮರೆಯಗೊಡುವುದಿಲ್ಲ.

ಇಲ್ಲಿ ಒಬ್ಬರ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆಂದು ನನಗೆ ಆಸೆ. ಅವರು ನಮ್ಮ ಮಲೆನಾಡಿನ ಮೂಡಿಗೆರೆಯ ಕಡೆಯವರು. ಡಾಕ್ಟರ್ ಮೊಹಮ್ಮದ್ ಹನೀಫ್. 2007ರಲ್ಲಿ ಅವರು ಆಸ್ಟ್ರೇಲಿಯದ ಒಂದು ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು, ವಯಸ್ಸು 27. ಆ ವರ್ಷದ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನನಿಲ್ದಾಣಕ್ಕೆ ಉರಿಯುವ ಜೀಪೊಂದನ್ನು ನುಗ್ಗಿಸಿದವರಲ್ಲಿ ಒಬ್ಬನು ಅವರ ದೂರದ ದಾಯಾದಿ. ಜುಲೈ 2ರಂದು ಬ್ರಿಸ್ಬೇನಿನ ವಿಮಾನನಿಲ್ದಾಣದಲ್ಲಿ, ಬೆಂಗಳೂರಿಗೆ ಹೊರಟಿದ್ದ ಹನೀಫರನ್ನು ಹಿಡಿದರು. 12 ದಿನ ಯಾವ ಆಪಾದನೆಯನ್ನೂ ಹೊರಿಸದೆ ಇಟ್ಟುಕೊಂಡು, ಜುಲೈ 14ರಂದು ಆಪಾದನೆ ಹೊರಿಸಿದರು. ಬ್ರಿಟನ್ನನ್ನು ಬಿಡುವಾಗ ತಮ್ಮ ಫೋನಿನ ಸಿಮ್ ಕಾರ್ಡನ್ನು ಆ ಬಂಧುವಿನ ಸಹೋದರನಿಗೆ ಕೊಟ್ಟು ಬಂದಿದ್ದರೆಂಬುದೇ ಅದರ ಆಧಾರ. ಆ ಕಾರ್ಡು ಗ್ಲಾಸ್ಗೋದ ಜೀಪಿನಲ್ಲಿ ಸಿಕ್ಕಿತೆಂದು ಸರಕಾರದ ವಕೀಲರು ನ್ಯಾಯಾಧೀಶರ ಮುಂದೆ ಹೇಳಿದರು. ಲೋಕದ ಪತ್ರಿಕೆಗಳೆಲ್ಲ ಅದನ್ನು ಸಿದ್ಧವಾದ ಸಂಗತಿಯೆಂಬಂತೆ ಬರೆದುವು.

ನ್ಯಾಯಾಲಯದಲ್ಲಿ ಹೇಳಿದ ಮಾತೆಲ್ಲ ನ್ಯಾಯಾಲಯದ ಮಾತಲ್ಲ. ಅದು ಒಂದು ಪಕ್ಷದ ವಕೀಲನ ಮಾತು; ಆ ಪಕ್ಷ ಸರಕಾರವಾದ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ನ್ಯಾಯಾಧೀಶರು ಜುಲೈ 16ರಂದು ಜಾಮೀನು ಕೊಟ್ಟರು. ಅದೇ ದಿನ ಅಲ್ಲಿನ ಮಂತ್ರಿಗಳು ಹನೀಫರ ವೀಸಾವನ್ನು ರದ್ದುಪಡಿಸಿ ಅವರನ್ನು ಬಂಧನದಲ್ಲಿಯೇ ಇರಿಸಿದರು. ಹೋಗುವ ಟಿಕೆಟ್ಟನ್ನು ಮಾತ್ರ ಕೊಂಡದ್ದಕ್ಕೆ ಹನೀಫರು ಯಾವ ಕಾರಣವನ್ನೂ ಹೇಳಲಿಲ್ಲವೆಂದು ಪೋಲೀಸರ ಪ್ರಮಾಣಪತ್ರದಲ್ಲಿತ್ತು. ಎರಡು ದಿನಗಳ ಬಳಿಕ, ಪೋಲೀಸರು ಅವರನ್ನು ವಿಚಾರಿಸಿದಾಗಿನ ಪ್ರಶ್ನೋತ್ತರವನ್ನು ಅವರ ವಕೀಲರಾದ ಸ್ಟೀಫನ್ ಕೈಮ್ ಒಂದು ಪತ್ರಿಕೆಗೆ ಕೊಟ್ಟರು, ಪತ್ರಿಕೆ ಪ್ರಕಟಿಸಿತು. ಬೆಂಗಳೂರಿನಲ್ಲಿ ಹೆಂಡತಿ ಹೆರಿಗೆಯಾಗಿರುವುದು, ಕೂಸು ನೋಡಬೇಕಾಗಿರುವುದು ಎಲ್ಲವನ್ನೂ ಅವರು ಪೋಲೀಸರಿಗೆ ಸವಿಸ್ತಾರವಾಗಿ ಹೇಳಿದ್ದುದು ಅದರಲ್ಲಿ ಕಂಡಿತು. ಜುಲೈ 20ರಂದು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯು ಸಿಮ್ ಕಾರ್ಡು ಜೀಪಿನಲ್ಲಿರಲಿಲ್ಲ, ಲಿವರ್‌ಪೂಲಿನಲ್ಲಿ ಆ ಸಹೋದರನ ಬಳಿಯಿದ್ದಿತೆಂಬುದನ್ನು ಹೊರಗೆಡಹಿತು. ಜುಲೈ 27ರಂದು ಆಪಾದನೆಯನ್ನು ಹಿಂತೆಗೆದುಕೊಂಡರು. ಆಗಸ್ಟ್ 21ರಂದು ಅಲ್ಲಿನ ಫೆಡರಲ್ ನ್ಯಾಯಾಲಯವು ವೀಸಾ ರದ್ದನ್ನು ತಳ್ಳಿಹಾಕಿತು. 2008ರ ಕೊನೆಯಲ್ಲಿ ಬಂದ ವಿಚಾರಣಾ ಆಯೋಗದ ವರದಿ ಅವರ ಮೇಲೆ ಸಾಕ್ಷ್ಯವೇ ಇರಲಿಲ್ಲವೆಂದಿತು. 2010ರಲ್ಲಿ ಪರಿಹಾರವೂ ಸಂದಿತು.

ಈ ಕಥೆಯನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ಹನೀಫರ ಹೆಸರನ್ನು ಕೆಡಿಸಿದುದೂ ಸುದ್ದಿಯೇ, ಉಳಿಸಿದುದೂ ಸುದ್ದಿಯೇ. ಕೆಡಿಸಿದವರು ವಕೀಲರ ಬಾಯನ್ನು ನೋಡಿದರು. ಉಳಿಸಿದವರು ಕಡತವನ್ನು ನೋಡಿದರು. ಎರಡರ ನಡುವೆ ಕಳೆದುದು ಒಂದೇ ವಾರ.

ವರದಿಗಾರನ ಕಷ್ಟವೂ ಸಾಮಾನ್ಯವಾದುದಲ್ಲ. 129 ಪುಟಗಳ ಇಂಗ್ಲಿಷ್ ತೀರ್ಪನ್ನು ಅವನು ಗಳಿಗೆಯಲ್ಲಿ ಕನ್ನಡಿಸಬೇಕು; ಇನ್ನೊಂದು ಸಂಸ್ಥೆ ಆಗಲೇ ಸುದ್ದಿಯನ್ನು ಬಿಟ್ಟಿರುತ್ತದೆ. ತೀರ್ಪಿನ ಮೊದಲ ಪುಟಗಳಲ್ಲಿ ವಾದಿ ಪ್ರತಿವಾದಿಗಳ ಮಾತನ್ನೇ ಸಂಗ್ರಹಿಸಿರುತ್ತಾರೆ. ಅವಸರದಲ್ಲಿ ಓದುವವನು ಅದನ್ನೇ ನ್ಯಾಯಮೂರ್ತಿಗಳ ಅಭಿಪ್ರಾಯವೆಂದು ಎತ್ತಿಕೊಳ್ಳುವುದುಂಟು. ನಿಜವಾದ ಆಜ್ಞೆ ಕೊನೆಯ ಪುಟದಲ್ಲಿ ನಾಲ್ಕು ಸಾಲಾಗಿ ಕುಳಿತಿರುತ್ತದೆ. ಹೊರಗೆ ಬಂದ ವಕೀಲರು ಮೆಟ್ಟಿಲ ಮೇಲೆ ನಿಂತು, ಸೋತವರೂ ಗೆದ್ದೆವೆಂದೇ ಹೇಳುತ್ತಾರೆ. ನನ್ನ ವೃತ್ತಿಯವರ ಈ ಪಾಲನ್ನು ಮುಚ್ಚಿಡಲಾರೆ. ನ್ಯಾಯನಿಂದನೆಯ 1971ರ ಕಾಯಿದೆಯೇನೋ ನಿಷ್ಪಕ್ಷಪಾತವೂ ನಿಖರವೂ ಆದ ವರದಿಗೆ ರಕ್ಷಣೆ ಕೊಟ್ಟಿದೆ. ನಿಖರವಾಗುವುದಕ್ಕೆ ಬೇಕಾದ ಹೊತ್ತನ್ನು ಯಾವ ಕಾಯಿದೆಯೂ ಕೊಡಲಾರದು. ಸರ್ವೋಚ್ಚ ನ್ಯಾಯಾಲಯದ ಕೆಲವು ತೀರ್ಪುಗಳ ಕನ್ನಡ ಅನುವಾದ 2019ರಿಂದ ಅಂತರಜಾಲದಲ್ಲಿ ದೊರೆಯುತ್ತಿದೆ. ಒಳ್ಳೆಯ ಕೆಲಸ, ಆದರೆ ಅನುವಾದ ಬರುವ ಹೊತ್ತಿಗೆ ಸುದ್ದಿ ಹಳತಾಗಿರುತ್ತದೆ.

ಗೆದ್ದವರು ಯಾರೆಂಬ ಪ್ರಶ್ನೆಯೇ ಕೆಲವು ವೇಳೆ ತಪ್ಪಾಗುತ್ತದೆಂಬುದಕ್ಕೆ ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಗಿಂತ ಸೊಗಸಾದ ಉದಾಹರಣೆ ಬೇಡ. ಕೇರಳದ ಭೂಸುಧಾರಣೆಯಿಂದ ಮಠದ ಭೂಮಿ ಹೋಗುವುದೆಂದು ಅವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದವನ್ನು ಕೇಳಿ, 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಸಂವಿಧಾನದ ಮೂಲಸ್ವರೂಪವನ್ನು ಪಾರ್ಲಿಮೆಂಟು ಕೆಡಿಸಲಾಗದೆಂಬ ಸಿದ್ಧಾಂತ ಏಳಕ್ಕೆ ಆರರ ಬಹುಮತದಿಂದ ನಿಂತಿತು. ಆದರೆ ಕೇರಳದ ಆ ಭೂಕಾಯಿದೆಗಳಿಗೆ ರಕ್ಷಣೆ ಕೊಟ್ಟಿದ್ದ 29ನೆಯ ತಿದ್ದುಪಡಿಯನ್ನು ಅದೇ ತೀರ್ಪು ಊರ್ಜಿತವೆಂದಿತು. ಮಠದ ಭೂಮಿಯ ಮಟ್ಟಿಗೆ ಸ್ವಾಮಿಗಳಿಗೆ ದಕ್ಕಿದುದೇನೂ ಇಲ್ಲ. 2020ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡಾಗ ಸಂವಿಧಾನವನ್ನು ಗೆದ್ದುಕೊಟ್ಟವರೆಂದು ಎಲ್ಲ ಪತ್ರಿಕೆಗಳೂ ಕೊಂಡಾಡಿದುವು. ಅದು ಸುಳ್ಳಲ್ಲ. ಅವರು ಕೇಳಿಕೊಂಡು ಹೋದುದು ಮಾತ್ರ ಬೇರೆ.

ಆಲ್ಕೊಳದ ನಮ್ಮ ವೃದ್ಧರ ವಿಷಯ ಹೇಳಿ ಮುಗಿಸುತ್ತೇನೆ. ಆ ದಿನದಿಂದ ಅವರು ನ್ಯಾಯಸ್ಥಾನದ ಸುದ್ದಿ ಬಂದಾಗಲೆಲ್ಲ ನನಗೆ ಫೋನು ಮಾಡುವುದನ್ನು ರೂಢಿಮಾಡಿಕೊಂಡರು. ಅವರ ಪ್ರಶ್ನೆ ಒಂದೇ: "ಕೊನೇ ಹಾಳೆಯಲ್ಲಿ ಏನಿದೆ ಸ್ವಾಮಿ?" 2016ರ ಸೆಪ್ಟೆಂಬರ್ ತಿಂಗಳಿನ ಕೊನೆಯಲ್ಲಿ ಒಂದು ಸಂಜೆ ಮತ್ತೆ ಕರೆದರು. ಗುಟ್ಕಾ ನಿಷೇಧವಾದ ಮೇಲೆ ವ್ಯಾಪಾರಿಗಳು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿಯೂ ತಂಬಾಕನ್ನು ಇನ್ನೊಂದರಲ್ಲಿಯೂ ಇಟ್ಟು ಜೊತೆಯಾಗಿ ಮಾರುತ್ತಿದ್ದರು. ಆ ಉಪಾಯಕ್ಕೂ ನಿಷೇಧ ಅನ್ವಯಿಸುವಂತೆ ನೋಡಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರ್ 23ರಂದು ಹೇಳಿತ್ತು. ನಾನು ಆಜ್ಞೆಯನ್ನು ಓದಿ ತಿಳಿಸಿದೆನು: ಈ ಸಲವೂ ಅಡಿಕೆಗೆ ನಿಷೇಧವಿಲ್ಲ, ಆದರೆ ಅಡಿಕೆಯನ್ನು ಕೊಳ್ಳುವವರ ವ್ಯಾಪಾರಕ್ಕೆ ನಿಜವಾಗಿಯೂ ಸ್ವಲ್ಪ ತಟ್ಟಬಹುದು.

ಅವರು ಕೊಂಚ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇರೋ ರಾಶಿ ಈ ವಾರವೇ ಕೊಡೋದೋ, ಇಟ್ಟುಕೊಳ್ಳೋದೋ?" ಎಂದರು.

ಅದು ಕೊನೆಯ ಹಾಳೆಯಲ್ಲಿ ಇಲ್ಲವೆಂದೆನು.